ಫೈಲ್ ಮತ್ತು ಫಾರ್ಮ್ ಮಾಹಿತಿ ಒಟ್ಟಿಗೆ: ಯಾವ ದಾರಿ ಹಿಡಿಯಬೇಕು?

ಒಂದು ಫಾರ್ಮ್ ಇದೆ ಅಂದುಕೊಳ್ಳಿ. ಹೆಸರು, ಇಮೇಲ್, ನಾಲ್ಕು ಸಾಲಿನ ವಿವರಣೆ, ಕೊನೆಗೆ ಒಂದು ಫೋಟೊ ಅಥವಾ ಪಿಡಿಎಫ್. ತುಂಬುವವರ ಕಣ್ಣಿಗೆ ಇದೆಲ್ಲ ಒಂದೇ ಕೆಲಸ. ಸಬ್ಮಿಟ್ ಒತ್ತಿದರೆ ಎಲ್ಲ ಒಟ್ಟಿಗೆ ಹೋಗಬೇಕು, ಅಷ್ಟೇ. ಕೋಡ್ ಬರೆಯುವವರಿಗೆ ಮಾತ್ರ ಇವು ಎರಡು ಬೇರೆ ಬಗೆಯ ಸರಕು. ಬರಹದ ಭಾಗ ಕೆಲವು ನೂರು ಬೈಟ್ ಇರುತ್ತದೆ. ಫೈಲ್ ಕೆಲವು ಕೆಬಿಯಿಂದ ಹಿಡಿದು ಕೆಲವು ಜಿಬಿ ತನಕ ಎಷ್ಟಾದರೂ ಇರಬಹುದು. ಒಂದು ಡೇಟಾಬೇಸ್‌ಗೆ ಹೋಗುತ್ತದೆ, ಇನ್ನೊಂದು ಡಿಸ್ಕ್‌ಗೋ ಆಬ್ಜೆಕ್ಟ್ ಸ್ಟೋರೇಜ್‌ಗೋ (ಫೈಲ್ ಇಡಲೆಂದೇ ಇರುವ ಕ್ಲೌಡ್ ಜಾಗ) ಹೋಗುತ್ತದೆ. ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಇದೆ, ಅಂದರೆ ಹಲವು ಬದಲಾವಣೆಗಳನ್ನು ಒಂದೇ ಗಂಟಾಗಿ ಮಾಡಬಹುದು, ತಪ್ಪಾದರೆ ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿ ಹಿಂದಿನಂತೆಯೇ ಇಡಬಹುದು. ಫೈಲ್ ಇಡುವ ಜಾಗಕ್ಕೆ ಆ ಸೌಕರ್ಯ ಇಲ್ಲ.

ಹಾಗಾಗಿ ಯಾವ ದಾರಿ ಹಿಡಿದರೂ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಈ ಫೈಲ್ ಈ ಫಾರ್ಮ್‌ಗೇ ಸೇರಿದ್ದು ಅನ್ನುವ ಸಂಬಂಧವನ್ನು ಕಾಪಾಡುವವರು ಯಾರು? ಕೆಲವು ದಾರಿಗಳಲ್ಲಿ ಆ ಕೆಲಸವನ್ನು ಒಂದೇ ಎಚ್‌ಟಿಟಿಪಿ ರಿಕ್ವೆಸ್ಟ್ (ಬ್ರೌಸರ್ ಸರ್ವರ್‌ಗೆ ಕಳಿಸುವ ಕೋರಿಕೆ) ಮಾಡಿಕೊಡುತ್ತದೆ. ಇನ್ನು ಕೆಲವದರಲ್ಲಿ ಅದು ಪೂರ್ತಿ ನಿಮ್ಮ ಹೆಗಲಿಗೆ ಬರುತ್ತದೆ. ಫೈಲ್ ಗಾತ್ರ, ವೇಗ, ಖರ್ಚು ಎಲ್ಲವೂ ಮುಖ್ಯವೇ. ಆದರೆ ಆಯ್ಕೆ ತಪ್ಪಿದಾಗ ಜಾಸ್ತಿ ಕಾಡುವುದು ಈ ಸಂಬಂಧ. ಅದನ್ನೇ ಹಿಡಿದುಕೊಂಡು ಒಂದೊಂದಾಗಿ ನೋಡೋಣ.

ಮಲ್ಟಿಪಾರ್ಟ್: ಹಳೆಯದು, ಇವತ್ತಿಗೂ ಮೊದಲ ಆಯ್ಕೆ

ಬ್ರೌಸರ್‌ನಿಂದ ಫೈಲ್ ಕಳಿಸುವ ಪದ್ಧತಿಯನ್ನು ವಿವರಿಸಿದ ಆರ್‌ಎಫ್‌ಸಿ 1867 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ಪದ್ಧತಿಗಳನ್ನು ವಿವರಿಸುವ ದಾಖಲೆ) ಬಂದದ್ದು 1995ರ ನವೆಂಬರ್‌ನಲ್ಲಿ, ಜೆರಾಕ್ಸ್ ಕಂಪನಿಯವರ ಕೈಯಿಂದ. ಅದೇ ವಿಚಾರ ತಿದ್ದುಪಡಿಯಾಗಿ 2015ರಲ್ಲಿ ಆರ್‌ಎಫ್‌ಸಿ 7578 ಆಗಿ ಬಂತು. ಮಲ್ಟಿಪಾರ್ಟ್/ಫಾರ್ಮ್-ಡೇಟಾ ಅನ್ನುವುದು ಇದನ್ನೇ.

ಕೆಲಸ ಮಾಡುವ ರೀತಿ ತುಂಬಾ ಸರಳ. ರಿಕ್ವೆಸ್ಟ್‌ನ ಒಡಲನ್ನು ಹಲವು ತುಂಡು ಮಾಡಿ, ತುಂಡುಗಳ ನಡುವೆ ಬೌಂಡರಿ ಅನ್ನುವ ಒಂದು ಗುರುತಿನ ಸಾಲನ್ನು ಹಾಕುತ್ತಾರೆ. ಪ್ರತಿ ತುಂಡಿಗೂ ತನ್ನದೇ ಪುಟ್ಟ ಹೆಡರ್ ಇರುತ್ತದೆ. ಅದರಲ್ಲಿ ಫೀಲ್ಡ್‌ನ ಹೆಸರು ಇರುತ್ತದೆ, ಫೈಲ್ ಆದರೆ ಫೈಲ್‌ನ ಹೆಸರು ಮತ್ತು ಕಂಟೆಂಟ್ ಟೈಪ್ ಕೂಡ ಇರುತ್ತದೆ. ಫೈಲ್‌ನ ಬೈಟ್‌ಗಳು ಇದ್ದ ಹಾಗೇ ಹೋಗುತ್ತವೆ. ಯಾವ ಎನ್‌ಕೋಡಿಂಗ್ ಬೇಡ, ಗಾತ್ರ ಉಬ್ಬುವುದೂ ಇಲ್ಲ. ಬೌಂಡರಿ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ಸಾಕಾದ್ದರಿಂದ ಸರ್ವರ್ ಪೂರ್ತಿ ಫೈಲನ್ನು ಮೆಮೊರಿಗೆ ತುಂಬಿಕೊಳ್ಳದೆ, ಬರುತ್ತಿದ್ದ ಹಾಗೇ ಡಿಸ್ಕ್‌ಗೆ ಬರೆಯಬಹುದು.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಏನೆಂದರೆ ಫೈಲ್ ಮತ್ತು ಬರಹ ಒಂದೇ ರಿಕ್ವೆಸ್ಟ್‌ನಲ್ಲಿ ಬರುತ್ತವೆ. ರಿಕ್ವೆಸ್ಟ್ ಪೂರ್ತಿ ಬಂದರೆ ಎರಡೂ ಬಂದಿವೆ. ಮಧ್ಯೆ ಕಡಿದುಹೋದರೆ ಎರಡೂ ಇಲ್ಲ. ಅನಾಥ ಫೈಲ್‌ಗಳು, ಫೈಲ್ ಇಲ್ಲದ ದಾಖಲೆಗಳು ಹುಟ್ಟುವ ಸಾಧ್ಯತೆ ತುಂಬಾ ಕಡಿಮೆ.

ತೊಂದರೆಗಳೂ ಇವೆ. ಎಲ್ಲರೂ ಎಡವುವ ಜಾಗಗಳನ್ನು ಮೊದಲು ಹೇಳಿಬಿಡುತ್ತೇನೆ. ಎಚ್‌ಟಿಎಂಎಲ್ ಫಾರ್ಮ್‌ನಲ್ಲಿ ಎನ್‌ಕ್‌ಟೈಪ್ (ಮಲ್ಟಿಪಾರ್ಟ್ ಆಗಿ ಕಳಿಸು ಎಂದು ಹೇಳುವ ಗುಣ) ಹಾಕುವುದು ಮರೆತರೆ ಬ್ರೌಸರ್ ಯುಆರ್‌ಎಲ್‌ಎನ್‌ಕೋಡೆಡ್ ಅನ್ನುವ ಬರೀ ಬರಹದ ರೂಪದಲ್ಲೇ ಕಳಿಸುತ್ತದೆ. ಆಗ ಸರ್ವರ್‌ಗೆ ಸಿಗುವುದು ಫೈಲ್‌ನ ಹೆಸರು ಮಾತ್ರ, ಒಳಗಿನದ್ದು ಏನೂ ಇಲ್ಲ. ಜಾವಾಸ್ಕ್ರಿಪ್ಟ್‌ನಿಂದ ಫಾರ್ಮ್‌ಡೇಟಾ ಆಬ್ಜೆಕ್ಟ್ ಕಳಿಸುವಾಗ ಇನ್ನೊಂದು ತಪ್ಪು ಆಗುತ್ತದೆ. ರಿಕ್ವೆಸ್ಟ್ ಕಳಿಸುವ ಫೆಚ್ ಫಂಕ್ಷನ್‌ಗೆ ಕಂಟೆಂಟ್-ಟೈಪ್ ಹೆಡರನ್ನು ಕೈಯಾರೆ ಬರೆದುಬಿಡುತ್ತಾರೆ. ಹಾಗೆ ಬರೆದರೆ ಬೌಂಡರಿ ಏನೆಂಬುದು ಹೆಡರ್‌ನಲ್ಲಿ ಇರುವುದಿಲ್ಲ, ಸರ್ವರ್‌ಗೆ ತುಂಡು ಬಿಡಿಸಲು ಬರುವುದಿಲ್ಲ. ಆ ಹೆಡರನ್ನು ಸುಮ್ನೆ ಬಿಟ್ಟುಬಿಡಿ, ಬ್ರೌಸರ್ ತಾನೇ ಸರಿಯಾಗಿ ಹಾಕಿಕೊಳ್ಳುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಮಲ್ಟಿಪಾರ್ಟ್‌ನಲ್ಲಿ ಬರಹದ ಫೀಲ್ಡ್‌ಗಳೆಲ್ಲ ಸ್ಟ್ರಿಂಗ್. ಅಂದರೆ ಬರೀ ಅಕ್ಷರಗಳು. ಸಂಖ್ಯೆ ಇಲ್ಲ, ಬೂಲಿಯನ್ (ನಿಜ ಅಥವಾ ಸುಳ್ಳು) ಇಲ್ಲ, ನಲ್ (ಬೆಲೆ ಇಲ್ಲ ಅನ್ನುವ ಗುರುತು) ಇಲ್ಲ. ಫಾರ್ಮ್‌ಡೇಟಾಗೆ ನಲ್ ಬೆಲೆಯನ್ನು ಸೇರಿಸಿದರೆ ಆ ಕಡೆಗೆ ಹೋಗುವುದು ನಾಲ್ಕಕ್ಷರದ "null" ಅನ್ನುವ ಬರಹ. ಅದು ಹಾಗೇ ಡೇಟಾಬೇಸ್‌ಗೆ ಹೋಗಿ ಕೂತರೆ ಯಾರದ್ದೋ ಮಧ್ಯದ ಹೆಸರು "null" ಆಗಿಬಿಡುತ್ತದೆ. "ಫಾಲ್ಸ್" ಅನ್ನುವ ಸ್ಟ್ರಿಂಗ್ ಕೂಡ ಜಾವಾಸ್ಕ್ರಿಪ್ಟ್‌ನಲ್ಲಿ ನಿಜ ಎಂದೇ ಲೆಕ್ಕ. ಸರ್ವರ್ ಕಡೆ ಪ್ರತಿ ಫೀಲ್ಡನ್ನೂ ಅದರ ಟೈಪ್‌ಗೆ ತಿರುಗಿಸುವ ಕೆಲಸ ಮಾಡಲೇಬೇಕು.

ಮಾಹಿತಿ ಪದರ ಪದರವಾಗಿದ್ದರೆ? ಉದಾಹರಣೆಗೆ ಒಂದು ಆರ್ಡರ್, ಅದರೊಳಗೆ ಹಲವು ವಸ್ತುಗಳು, ಪ್ರತಿ ವಸ್ತುವಿಗೂ ಹಲವು ಗುಣಗಳು. ಇದನ್ನು ಚಪ್ಪಟೆ ಫೀಲ್ಡ್‌ಗಳಾಗಿ ಒಡೆಯುವುದು ಹಿಂಸೆ. ಇಂಥಲ್ಲಿ ಪೂರ್ತಿ ಮಾಹಿತಿಯನ್ನು ಜೇಸನ್ (ಪದರಗಳನ್ನು ಉಳಿಸಿಕೊಳ್ಳುವ ಬರಹದ ರೂಪ) ಮಾಡಿ ಒಂದೇ ಫೀಲ್ಡ್‌ನಲ್ಲಿ ಇಟ್ಟು, ಪಕ್ಕದ ಫೀಲ್ಡ್‌ನಲ್ಲಿ ಫೈಲ್ ಇಡುವುದು ಒಳ್ಳೆಯದು. ಅದರಲ್ಲೂ ಎರಡು ಬಗೆ ಇದೆ. ಜೇಸನ್ ಅನ್ನು ಸಾದಾ ಸ್ಟ್ರಿಂಗ್ ಆಗಿ ಸೇರಿಸಬಹುದು. ಅಥವಾ ಅಪ್ಲಿಕೇಶನ್/ಜೇಸನ್ ಟೈಪ್ ಇರುವ ಬ್ಲಾಬ್ (ಫೈಲ್‌ನಂಥ ಬೈಟ್‌ಗಳ ಕಟ್ಟು) ಆಗಿ ಸೇರಿಸಬಹುದು. ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕ್‌ನ ರಿಕ್ವೆಸ್ಟ್‌ಪಾರ್ಟ್ ಬಳಸುವವರಿಗೆ ಎರಡನೆಯದೇ ಬೇಕು. ಆ ತುಂಡಿಗೆ ಟೈಪ್ ಇಲ್ಲದಿದ್ದರೆ ಸ್ಪ್ರಿಂಗ್ ಅದನ್ನು ಆಬ್ಜೆಕ್ಟ್ ಆಗಿ ಓದದೆ 415 ದೋಷ (ಈ ಟೈಪ್ ಒಪ್ಪುವುದಿಲ್ಲ) ಕೊಡುತ್ತದೆ. ಆದರೆ ಎಕ್ಸ್‌ಪ್ರೆಸ್ (ಜಾವಾಸ್ಕ್ರಿಪ್ಟ್‌ನ ಸರ್ವರ್ ಫ್ರೇಮ್‌ವರ್ಕ್) ಮತ್ತು ಅದಕ್ಕೆ ಮಲ್ಟಿಪಾರ್ಟ್ ಬಿಡಿಸಿಕೊಡುವ ಮಲ್ಟರ್ ಬಳಸುವವರಿಗೆ ಮೊದಲನೆಯದು ಸರಿ. ಏಕೆಂದರೆ ಬ್ಲಾಬ್ ಸೇರಿಸಿದರೆ ಬ್ರೌಸರ್ ಅದಕ್ಕೆ "ಬ್ಲಾಬ್" ಅಂತ ಒಂದು ಫೈಲ್ ಹೆಸರು ಅಂಟಿಸುತ್ತದೆ, ಮಲ್ಟರ್ ಅದನ್ನು ಇನ್ನೊಂದು ಫೈಲ್ ಎಂದೇ ನೋಡುತ್ತದೆ. ಒಂದು ಫ್ರೇಮ್‌ವರ್ಕ್‌ಗೆ ಬರೆದ ಸಲಹೆ ಇನ್ನೊಂದರಲ್ಲಿ ಕೈಕೊಡುವುದು ಹೀಗೆ.

ತುಂಡುಗಳ ಕ್ರಮವೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫಾರ್ಮ್‌ಡೇಟಾಗೆ ಯಾವ ಕ್ರಮದಲ್ಲಿ ಸೇರಿಸುತ್ತೀರೋ ಅದೇ ಕ್ರಮದಲ್ಲಿ ತುಂಡುಗಳು ಹೊರಡುತ್ತವೆ. ಬಂದ ಹಾಗೇ ಓದುವ ಸರ್ವರ್ ಫೈಲ್ ತುಂಡಿಗೆ ಮುಟ್ಟಿದಾಗ, ಅದರ ನಂತರ ಇರುವ ಫೀಲ್ಡ್‌ಗಳು ಇನ್ನೂ ಬಂದೇ ಇರುವುದಿಲ್ಲ. "ಈ ಫೈಲನ್ನು ಯಾವ ಫೋಲ್ಡರ್‌ನಲ್ಲಿ ಇಡಬೇಕು" ಅನ್ನುವುದು ಬರಹದ ಫೀಲ್ಡ್‌ನಲ್ಲಿದ್ದು, ಆ ಫೀಲ್ಡ್ ಫೈಲ್ ಆದ ಮೇಲೆ ಬಂದರೆ, ಮಲ್ಟರ್‌ನ ಫೈಲ್ ಹೆಸರಿಡುವ ಫಂಕ್ಷನ್‌ನಲ್ಲಿ ಅದು ಖಾಲಿ ಕಾಣುತ್ತದೆ. ಬರಹದ ಫೀಲ್ಡ್‌ಗಳನ್ನು ಮೊದಲು, ಫೈಲನ್ನು ಕೊನೆಯಲ್ಲಿ ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ. ಸಬ್ಮಿಟ್ ಆದ ಫಾರ್ಮ್‌ನಲ್ಲಿ ಮಾಹಿತಿ ತಪ್ಪಿದ್ದರೆ, ದೊಡ್ಡ ಫೈಲ್ ಪೂರ್ತಿ ಬರುವ ಮೊದಲೇ ಸರ್ವರ್ ಬೇಡ ಎನ್ನಲೂ ಇದರಿಂದ ಅನುಕೂಲ.

ಫ್ರೇಮ್‌ವರ್ಕ್‌ಗಳ ಸ್ವಭಾವ ಬೇರೆ ಬೇರೆ. ಎಕ್ಸ್‌ಪ್ರೆಸ್‌ಗೆ ತಾನಾಗಿ ಮಲ್ಟಿಪಾರ್ಟ್ ಬಿಡಿಸಲು ಬರುವುದಿಲ್ಲ. ಮಲ್ಟರ್ ಅಥವಾ ಬಸ್‌ಬಾಯ್ ಬೇಕು, ಮತ್ತು ಮಲ್ಟರ್‌ಗೆ ಎಲ್ಲಿ ಇಡಬೇಕೆಂದು ಹೇಳದಿದ್ದರೆ ಫೈಲನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಪೈಥಾನ್‌ನ ಜ್ಯಾಂಗೋ 2.5 ಎಂಬಿ ತನಕ ಮೆಮೊರಿಯಲ್ಲಿಟ್ಟು, ಅದಕ್ಕಿಂತ ದೊಡ್ಡದನ್ನು ತಾತ್ಕಾಲಿಕ ಫೈಲ್‌ಗೆ ಬರೆಯುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ನಡವಳಿಕೆ, ಯೋಚಿಸದೇ ಬಳಸಿದರೂ ಸರ್ವರ್ ಉಳಿಯುತ್ತದೆ. ಪೈಥಾನ್‌ನದ್ದೇ ಆದ ಫಾಸ್ಟ್‌ಎಪಿಐನಲ್ಲಿ ಒಂದೇ ಎಂಡ್‌ಪಾಯಿಂಟ್‌ಗೆ (ರಿಕ್ವೆಸ್ಟ್ ಬಂದು ಮುಟ್ಟುವ ವಿಳಾಸ) ಫೈಲ್ ಮತ್ತು ಜೇಸನ್ ಬಾಡಿ ಎರಡನ್ನೂ ಘೋಷಿಸಲು ಆಗುವುದಿಲ್ಲ. ಅದು ಫಾಸ್ಟ್‌ಎಪಿಐ ಮಾಡಿದ ತಪ್ಪಲ್ಲ, ಒಂದು ರಿಕ್ವೆಸ್ಟ್‌ಗೆ ಒಂದೇ ಕಂಟೆಂಟ್ ಟೈಪ್ ಇರಬೇಕೆನ್ನುವ ಎಚ್‌ಟಿಟಿಪಿಯ ನಿಯಮ. ಬರಹವನ್ನು ಫಾರ್ಮ್ ಫೀಲ್ಡ್ ಆಗಿಯೇ ತೆಗೆದುಕೊಳ್ಳಬೇಕು. ಪಿಎಚ್‌ಪಿಯಲ್ಲಿ ರಿಕ್ವೆಸ್ಟ್‌ನ ಮೆಥಡ್ (ಏನು ಮಾಡಬೇಕೆಂದು ಹೇಳುವ ಪದ) ಪೋಸ್ಟ್ ಆಗಿದ್ದರೆ ಎಲ್ಲ ತಾನೇ ಬಿಡಿಸಿಕೊಡುತ್ತದೆ. ಪುಟ್ ಅಥವಾ ಪ್ಯಾಚ್‌ನಲ್ಲಿ ಮಲ್ಟಿಪಾರ್ಟ್ ಬಂದರೆ ಬಿಡಿಸುವುದಿಲ್ಲ. 8.4ನೇ ಆವೃತ್ತಿಯಲ್ಲಿ ಅದಕ್ಕೆಂದೇ ಒಂದು ಫಂಕ್ಷನ್ ಸೇರಿಸಿದ್ದಾರೆ. ಅದಕ್ಕಿಂತ ಹಳೆಯದರಲ್ಲಿ ಪೋಸ್ಟ್ ಆಗಿಯೇ ಕಳಿಸಿ, ಒಳಗೆ ನಿಜವಾದ ಮೆಥಡ್ ಯಾವುದೆಂದು ಒಂದು ಫೀಲ್ಡ್‌ನಲ್ಲಿ ಹೇಳುವುದೇ ರೂಢಿ.

ಮಿತಿಗಳು ಎಲ್ಲೆಲ್ಲಿ ಅಡಗಿವೆ

ಅಪ್‌ಲೋಡ್ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಗಾತ್ರದ ಮಿತಿಗಳು. ಒಂದೇ ಕಡೆ ಇದ್ದರೆ ಪರವಾಗಿಲ್ಲ, ಪದರ ಪದರವಾಗಿ ಇರುತ್ತವೆ. ನಿಮ್ಮ ಆಪ್‌ನ ಮುಂದೆ ಪ್ರಾಕ್ಸಿಯಾಗಿ ನಿಲ್ಲುವ ಎಂಜಿನ್‌ಎಕ್ಸ್‌ನಲ್ಲಿ ರಿಕ್ವೆಸ್ಟ್ ಒಡಲಿಗೆ ಸಹಜ ಮಿತಿ (ನೀವು ಬದಲಿಸದಿದ್ದರೆ ಇರುವುದು) 1 ಎಂಬಿ. ಮೀರಿದರೆ 413 ದೋಷ (ಒಡಲು ತುಂಬಾ ದೊಡ್ಡದು) ಕೊಡುತ್ತದೆ, ನಿಮ್ಮ ಆಪ್‌ಗೆ ರಿಕ್ವೆಸ್ಟ್ ಬಂದದ್ದೇ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಫೈಲ್‌ಗೆ 1 ಎಂಬಿ, ಪೂರ್ತಿ ರಿಕ್ವೆಸ್ಟ್‌ಗೆ 10 ಎಂಬಿ. ಪಿಎಚ್‌ಪಿಯಲ್ಲಿ ಒಂದು ಫೈಲ್‌ಗೆ 2 ಎಂಬಿ, ಪೂರ್ತಿ ಪೋಸ್ಟ್‌ಗೆ 8 ಎಂಬಿ, ಒಂದು ಸಲಕ್ಕೆ 20 ಫೈಲ್.

ಪಿಎಚ್‌ಪಿಯ ಒಂದು ನಡವಳಿಕೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಪೂರ್ತಿ ಪೋಸ್ಟ್ 8 ಎಂಬಿ ಮೀರಿದರೆ ಫೈಲ್‌ಗಳ ಅರೇ ಖಾಲಿ, ಬರಹದ ಅರೇಯೂ ಖಾಲಿ. ನಿಮ್ಮ ಕೋಡ್ ಎಂದಿನಂತೆ ತಪಾಸಣೆ ಮಾಡಿ "ಹೆಸರು ತುಂಬಿಲ್ಲ, ಇಮೇಲ್ ತುಂಬಿಲ್ಲ" ಎಂದು ಹೇಳುತ್ತದೆ. ಎಲ್ಲವನ್ನೂ ತುಂಬಿದವರಿಗೆ ಇದನ್ನು ನೋಡಿ ಹೇಗಾಗಬೇಡ? ರಿಕ್ವೆಸ್ಟ್‌ನ ಕಂಟೆಂಟ್-ಲೆಂಗ್ತ್ ದೊಡ್ಡದಿದ್ದು ಎರಡೂ ಅರೇ ಖಾಲಿ ಇದ್ದರೆ, ಅದು ಗಾತ್ರದ ಸಮಸ್ಯೆ ಎಂದು ಮೊದಲೇ ಗುರುತಿಸಿ ಸರಿಯಾದ ಮಾತು ಹೇಳಿ.

ಮಿತಿಗಳನ್ನು ಹೊರಗಿನಿಂದ ಒಳಗೆ ಬರುತ್ತಾ ಕಡಿಮೆ ಮಾಡಿ ಅನ್ನುವುದು ನನ್ನ ಸಲಹೆ. ಪ್ರಾಕ್ಸಿಯಲ್ಲಿ ಸ್ವಲ್ಪ ಜಾಸ್ತಿ, ಫ್ರೇಮ್‌ವರ್ಕ್‌ನಲ್ಲಿ ಅದಕ್ಕಿಂತ ಕಡಿಮೆ, ನಿಮ್ಮ ಸ್ವಂತ ತಪಾಸಣೆಯಲ್ಲಿ ಎಲ್ಲಕ್ಕಿಂತ ಕಡಿಮೆ. ಆಗ ಮೊದಲು ದೋಷ ಹೇಳುವುದು ನಿಮ್ಮ ಕೋಡ್, ಅದು ಮನುಷ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲದು. ಬ್ರೌಸರ್‌ನಲ್ಲೂ ಗಾತ್ರ ನೋಡಿ, ಆದರೆ ಅದು ಬಳಕೆದಾರರ ಅನುಕೂಲಕ್ಕೆ ಮಾತ್ರ, ಕಾವಲಿಗಲ್ಲ.

ಜೇಸನ್ ಒಳಗೆ ಬೇಸ್64

ನಿಮ್ಮ ಎಪಿಐ (ಬೇರೆ ಪ್ರೋಗ್ರಾಮ್‌ಗಳು ನಿಮ್ಮ ಸರ್ವರ್ ಜೊತೆ ಮಾತಾಡುವ ದಾರಿ) ಪೂರ್ತಿ ಜೇಸನ್ ಮಾತಾಡುತ್ತದೆ, ಒಂದು ಫೈಲ್‌ಗೋಸ್ಕರ ಬೇರೆ ರೂಪ ಯಾಕೆ ಅನ್ನಿಸುವುದು ಸಹಜ. ಫೈಲನ್ನು ಬೇಸ್64ಗೆ (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ) ತಿರುಗಿಸಿ ಒಂದು ಫೀಲ್ಡ್‌ನಲ್ಲಿ ತುರುಕಿದರೆ ಆಯಿತು. ಟೈಪ್‌ಗಳು ಉಳಿಯುತ್ತವೆ, ಪದರಗಳು ಉಳಿಯುತ್ತವೆ, ಫೈಲ್-ಫಾರ್ಮ್ ಸಂಬಂಧವೂ ಗಟ್ಟಿ ಇರುತ್ತದೆ.

ಬೆಲೆ ಎಲ್ಲಿ ಕಟ್ಟಬೇಕು ಅಂದರೆ, ಬೇಸ್64ನಲ್ಲಿ 3 ಬೈಟ್ 4 ಅಕ್ಷರವಾಗುತ್ತದೆ. ಅಂದರೆ ಸುಮಾರು ಶೇ. 33ರಷ್ಟು ಉಬ್ಬು. ಅದನ್ನಾದರೂ ಸಹಿಸಬಹುದು, ಮೆಮೊರಿ ವಿಷಯ ಹಾಗಲ್ಲ. ಸಾಮಾನ್ಯ ಜೇಸನ್ ಪಾರ್ಸರ್ ಪೂರ್ತಿ ಒಡಲನ್ನು ಮೆಮೊರಿಗೆ ತೆಗೆದುಕೊಳ್ಳುತ್ತದೆ, ಅದರಿಂದ ಒಂದು ದೊಡ್ಡ ಸ್ಟ್ರಿಂಗ್ ಮಾಡುತ್ತದೆ, ಆಮೇಲೆ ನೀವು ಅದನ್ನು ಡಿಕೋಡ್ ಮಾಡಿ ಮತ್ತೊಂದು ಪ್ರತಿ ಮಾಡುತ್ತೀರಿ. ಒಂದು ಫೈಲ್ ಮೆಮೊರಿಯಲ್ಲಿ ಮೂರು ಕಡೆ ಕೂತಿರುತ್ತದೆ. ಹತ್ತು ಜನ ಒಟ್ಟಿಗೆ 20 ಎಂಬಿ ಕಳಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಎಕ್ಸ್‌ಪ್ರೆಸ್‌ನ ಜೇಸನ್ ಪಾರ್ಸರ್‌ಗೆ ಸಹಜ ಮಿತಿ 100 ಕೆಬಿ ಇಟ್ಟಿರುವುದು, ಜ್ಯಾಂಗೋ ಫೈಲ್ ಅಲ್ಲದ ಒಡಲಿಗೆ 2.5 ಎಂಬಿ ಮಿತಿ ಇಟ್ಟಿರುವುದು ಇಂಥ ಕಾರಣಕ್ಕೇ. ಆ ಮಿತಿಯನ್ನು 50 ಎಂಬಿಗೆ ಏರಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ, ದಯವಿಟ್ಟು ಒಂದು ಕ್ಷಣ ನಿಲ್ಲಿ. ಫೈಲ್ ಕಳಿಸದ ಎಂಡ್‌ಪಾಯಿಂಟ್‌ಗಳಿಗೂ ಆ ಬಾಗಿಲು ತೆರೆದಂತಾಗುತ್ತದೆ.

ಇನ್ನೊಂದು ಮರೆಯಾದ ತೊಂದರೆ ಲಾಗ್, ಅಂದರೆ ನಡೆದದ್ದನ್ನು ಸರ್ವರ್ ಬರೆದಿಡುವ ದಿನಚರಿ. ರಿಕ್ವೆಸ್ಟ್ ಒಡಲನ್ನು ಲಾಗ್‌ಗೆ ಬರೆಯುವ ವ್ಯವಸ್ಥೆ ಇದ್ದರೆ, ಯಾರದ್ದೋ ಗುರುತಿನ ಚೀಟಿಯ ಫೋಟೊ ಬೇಸ್64 ರೂಪದಲ್ಲಿ ಲಾಗ್ ಫೈಲ್‌ಗೆ ಹೋಗಿ ಕೂರುತ್ತದೆ. ಲಾಗ್ ಉಬ್ಬುವುದು ಬೇರೆ, ಖಾಸಗಿ ದಾಖಲೆ ಸಂಬಂಧವಿಲ್ಲದ ಕಡೆ ಉಳಿದುಬಿಡುವುದು ಇನ್ನೂ ಕೆಟ್ಟದ್ದು.

ಹಾಗಾದರೆ ಇದು ಎಲ್ಲಿ ಸರಿ? ಪುಟದಲ್ಲಿ ಚಿತ್ರ ಬರೆಯಲು ಇರುವ ಕ್ಯಾನ್ವಾಸ್ ಮೇಲೆ ಬರೆದ ಸಹಿ, ಕತ್ತರಿಸಿ ಚಿಕ್ಕದು ಮಾಡಿದ ಪ್ರೊಫೈಲ್ ಚಿತ್ರ, ಹೀಗೆ 100-200 ಕೆಬಿ ಒಳಗೆ ಖಂಡಿತ ಇರುತ್ತದೆ ಅನ್ನುವ ವಸ್ತುಗಳಿಗೆ. ಬೇರೆ ರೂಪ ಒಪ್ಪದ ಹಳೆಯ ವ್ಯವಸ್ಥೆಗೆ ಕಳಿಸಬೇಕಾದಾಗಲೂ ಬೇರೆ ದಾರಿ ಇಲ್ಲ. ಅದರಾಚೆಗೆ ಬೇಡ ಅನ್ನುತ್ತೇನೆ.

ಮೊದಲು ಫೈಲ್, ಆಮೇಲೆ ಫಾರ್ಮ್

ಇಲ್ಲಿ ಫೈಲ್ ಆರಿಸಿದ ಕೂಡಲೇ ಅದು ಹಿನ್ನೆಲೆಯಲ್ಲಿ ಅಪ್‌ಲೋಡ್ ಆಗುತ್ತದೆ. ಸರ್ವರ್ ಒಂದು ಐಡಿ ಕೊಡುತ್ತದೆ. ಬಳಕೆದಾರರು ಉಳಿದದ್ದನ್ನು ತುಂಬಿ ಸಬ್ಮಿಟ್ ಒತ್ತಿದಾಗ ಹೋಗುವುದು ಚೊಕ್ಕ ಜೇಸನ್, ಅದರೊಳಗೆ ಆ ಐಡಿ.

ಬಳಸುವವರ ದೃಷ್ಟಿಯಿಂದ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಅವರು ವಿವರಣೆ ಬರೆಯುವಷ್ಟರಲ್ಲಿ ಫೈಲ್ ಹೋಗಿ ಆಗಿರುತ್ತದೆ, ಸಬ್ಮಿಟ್ ತಕ್ಷಣ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ತಪ್ಪಾದಾಗ ಸಿಗುತ್ತದೆ. ಸರ್ವರ್ ಪುಟವನ್ನು ಮತ್ತೆ ಕಟ್ಟಿಕೊಡುವ ಮಾಮೂಲಿ ಫಾರ್ಮ್‌ನಲ್ಲಿ ಇಮೇಲ್ ತಪ್ಪಿದ್ದು ಪುಟ ಮತ್ತೆ ಬಂದರೆ, ಹೆಸರು ಇಮೇಲ್ ಎಲ್ಲವನ್ನೂ ಮತ್ತೆ ತುಂಬಿ ತೋರಿಸಬಹುದು, ಫೈಲನ್ನು ಆಗುವುದಿಲ್ಲ. ಭದ್ರತೆಯ ಕಾರಣಕ್ಕೆ ಫೈಲ್ ಇನ್‌ಪುಟ್‌ಗೆ ಬೆಲೆ ತುಂಬಲು ಬ್ರೌಸರ್ ಸರ್ವರ್‌ಗೆ ಬಿಡುವುದಿಲ್ಲ. ಬಳಕೆದಾರರು ಮತ್ತೆ ಹುಡುಕಿ ಆರಿಸಬೇಕು, 15 ಎಂಬಿ ಮತ್ತೆ ಹೋಗಬೇಕು. ಉದ್ದದ ಫಾರ್ಮ್, ಹಲವು ಫೈಲ್, ನಿಧಾನದ ನೆಟ್‌ವರ್ಕ್ ಇದ್ದರೆ ಇದೊಂದೇ ಕಾರಣಕ್ಕೆ ಎರಡು ಹಂತದ ದಾರಿ ಹಿಡಿಯಬಹುದು.

ಆದರೆ ಈಗ ಸಂಬಂಧ ಕಾಪಾಡುವ ಹೊಣೆ ಪೂರ್ತಿ ನಿಮ್ಮದು, ಅಲ್ವಾ? ಫೈಲ್ ಕಳಿಸಿ ಟ್ಯಾಬ್ ಮುಚ್ಚಿಕೊಂಡು ಹೋದವರ ಫೈಲ್ ಅನಾಥವಾಗಿ ಉಳಿಯುತ್ತದೆ. ಅದಕ್ಕೆ ಪ್ರತಿ ಫೈಲ್‌ಗೂ ಡೇಟಾಬೇಸ್‌ನಲ್ಲಿ ಒಂದು ಸಾಲು ಇರಲಿ. ಯಾರು ಕಳಿಸಿದರು, ಯಾವಾಗ, ಇನ್ನೂ ಕಾಯುತ್ತಿದೆಯಾ ಅಥವಾ ಜೋಡಣೆ ಆಗಿದೆಯಾ ಎಂದು ಅದರಲ್ಲಿ ಬರೆದಿರಲಿ. ಫಾರ್ಮ್ ಬಂದಾಗ, ದಾಖಲೆ ಸೇರಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಆ ಸಾಲಿನ ಸ್ಥಿತಿಯನ್ನೂ ಬದಲಿಸಿ. ಒಂದು ದಿನ ಕಳೆದರೂ ಜೋಡಣೆ ಆಗದವುಗಳನ್ನು ಅಳಿಸುವ ಒಂದು ನಿಗದಿತ ಕೆಲಸ ಓಡುತ್ತಿರಲಿ. ಈ ಅಳಿಸುವ ಕೆಲಸವನ್ನು "ಆಮೇಲೆ ಬರೆಯೋಣ" ಎಂದು ಮುಂದೂಡುವುದು ತುಂಬಾ ಸಾಮಾನ್ಯ. ಅದು ಸಿದ್ಧವಾಗದೆ ಈ ದಾರಿಯನ್ನು ಬಳಕೆಗೆ ಬಿಡಬೇಡಿ.

ಐಡಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಐಡಿ 41, 42, 43 ಅಂತ ಸಾಲಾಗಿದ್ದರೆ ಯಾರಾದರೂ ತಮ್ಮ ಫಾರ್ಮ್‌ನಲ್ಲಿ 42 ಎಂದು ಬರೆದು ಬೇರೆಯವರ ಫೈಲನ್ನು ತಮ್ಮದಾಗಿಸಿಕೊಳ್ಳಬಹುದು. ಊಹಿಸಲಾಗದ ಐಡಿ ಕೊಡಿ, ಅಷ್ಟಕ್ಕೇ ನಿಲ್ಲದೆ ಫೈಲ್ ಕಳಿಸಿದವರೂ ಫಾರ್ಮ್ ಕಳಿಸುವವರೂ ಒಬ್ಬರೇನಾ ಎಂದು ನೋಡಿ. ರೈಲ್ಸ್ ಫ್ರೇಮ್‌ವರ್ಕ್‌ನ ಆಕ್ಟಿವ್ ಸ್ಟೋರೇಜ್ ಇದಕ್ಕೆ ಸಹಿ ಹಾಕಿದ ಐಡಿ ಬಳಸುತ್ತದೆ, ತಿದ್ದಿದರೆ ಸಿಕ್ಕಿಬೀಳುತ್ತದೆ. ಯಾವುದಕ್ಕೂ ಅಂಟದೆ ಉಳಿದ ಫೈಲ್‌ಗಳನ್ನು ಹುಡುಕುವ ಸೌಲಭ್ಯವೂ ಅದರಲ್ಲಿದೆ.

ಇದನ್ನೇ ತಿರುವು ಹಾಕಿ, ಮೊದಲು ದಾಖಲೆ ಮಾಡಿ ಆಮೇಲೆ ಅದಕ್ಕೆ ಫೈಲ್ ಸೇರಿಸುವುದೂ ಉಂಟು. ಫೈಲ್ ಇಲ್ಲದೆಯೂ ದಾಖಲೆಗೆ ಅರ್ಥ ಇದ್ದರೆ ಇದು ಸುಲಭ. ಫೈಲ್ ಕಡ್ಡಾಯವಾಗಿದ್ದರೆ ಅರ್ಧ ತುಂಬಿದ ದಾಖಲೆಗಳನ್ನು ಕರಡು ಎಂದು ಬೇರೆ ಇಡಬೇಕಾಗುತ್ತದೆ.

ನೇರವಾಗಿ ಸ್ಟೋರೇಜ್‌ಗೆ

ಫೈಲ್ ಕೊನೆಗೆ ಹೋಗುವುದು ಅಮೆಜಾನ್‌ನ ಆಬ್ಜೆಕ್ಟ್ ಸ್ಟೋರೇಜ್ ಎಸ್3ನಂಥ ಜಾಗಕ್ಕೇ ಆದರೆ, ನಡುವೆ ನಿಮ್ಮ ಸರ್ವರ್ ಯಾಕೆ ಹೊರಬೇಕು? ನಿಮ್ಮ ಸರ್ವರ್ ಸ್ವಲ್ಪ ಹೊತ್ತು ಮಾತ್ರ ಸಲ್ಲುವ, ಸಹಿ ಹಾಕಿದ ಒಂದು ಯುಆರ್‌ಎಲ್ ಮಾಡಿ ಕೊಡುತ್ತದೆ. ಬ್ರೌಸರ್ ಫೈಲನ್ನು ನೇರವಾಗಿ ಅಲ್ಲಿಗೆ ಕಳಿಸುತ್ತದೆ, ಆಮೇಲೆ ಫಾರ್ಮ್ ಮಾಹಿತಿಯನ್ನು ನಿಮಗೆ ಕಳಿಸುತ್ತದೆ. ಇದೂ ಎರಡು ಹಂತದ್ದೇ, ಭಾರ ಮಾತ್ರ ಬೇರೆಯವರ ಮೇಲೆ.

ಸರ್ವರ್‌ಲೆಸ್‌ನಲ್ಲಿ (ಸ್ವಂತ ಸರ್ವರ್ ನೋಡಿಕೊಳ್ಳದೆ, ಕರೆದಾಗ ಮಾತ್ರ ಕೋಡ್ ಓಡಿಸುವ ಕ್ಲೌಡ್ ಸೇವೆ) ಇರುವವರಿಗೆ ಇದು ಆಯ್ಕೆಗಿಂತ ಅನಿವಾರ್ಯ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನಲ್ಲಿ ರಿಕ್ವೆಸ್ಟ್ ಒಳಗೆ ಬರುವ ಎಪಿಐ ಗೇಟ್‌ವೇಯಲ್ಲಿ ಒಡಲಿನ ಮಿತಿ 10 ಎಂಬಿ. ಅಲ್ಲಿ ಕೋಡ್ ಓಡಿಸುವ ಲ್ಯಾಂಬ್ಡಾವನ್ನು ಉತ್ತರಕ್ಕೆ ಕಾಯುತ್ತಾ ಕರೆದರೆ 6 ಎಂಬಿ. ಬೈನರಿ ಅಲ್ಲಿಗೆ ಬೇಸ್64 ಆಗಿ ಹೋಗುವುದರಿಂದ ನಿಜವಾಗಿ ಸಿಗುವುದು ಸುಮಾರು 4.5 ಎಂಬಿ. ಇವತ್ತಿನ ಫೋನಿನ ಒಂದು ಫೋಟೊ ಅಷ್ಟಿರುತ್ತದೆ.

ಎಸ್3ನಲ್ಲಿ ಸಹಿ ಹಾಕಿದ ಪುಟ್ ಮತ್ತು ಸಹಿ ಹಾಕಿದ ಪೋಸ್ಟ್ ಎಂದು ಎರಡು ಬಗೆ. ಪುಟ್ ಸುಲಭ, ಒಂದೇ ಯುಆರ್‌ಎಲ್. ಆದರೆ "ಇಷ್ಟರಿಂದ ಇಷ್ಟರ ತನಕ ಗಾತ್ರ" ಎಂಬ ನಿಯಮ ಹಾಕಲು ಆಗುವುದಿಲ್ಲ. ಪೋಸ್ಟ್‌ನಲ್ಲಿ ಒಂದು ಪಾಲಿಸಿ ಇರುತ್ತದೆ, ಅದರಲ್ಲಿ ಗಾತ್ರದ ವ್ಯಾಪ್ತಿಯನ್ನು ಬರೆದು ಸಹಿ ಹಾಕಬಹುದು. ಹೊರಗಿನ ಜನ ಬಳಸುವ ಫಾರ್ಮ್‌ಗೆ ನಾನು ಪೋಸ್ಟನ್ನೇ ಆರಿಸುತ್ತೇನೆ. ಆ ಪೋಸ್ಟ್ ಕೂಡ ಮಲ್ಟಿಪಾರ್ಟ್ ರೂಪದ್ದೇ, ಅಲ್ಲಿ ಫೈಲ್ ಕೊನೆಯ ಫೀಲ್ಡ್ ಆಗಿರಲೇಬೇಕು. ಫೈಲ್ ಆದ ಮೇಲೆ ಬರುವ ಫೀಲ್ಡ್‌ಗಳನ್ನು ಎಸ್3 ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಕೆಟ್‌ನಲ್ಲಿ (ಎಸ್3ನಲ್ಲಿ ನಿಮ್ಮ ಫೈಲ್‌ಗಳನ್ನು ಇಡುವ ಡಬ್ಬಿ) ಕಾರ್ಸ್ ನಿಯಮ (ಯಾವ ಸೈಟ್‌ಗಳಿಂದ ರಿಕ್ವೆಸ್ಟ್ ಬರಬಹುದು ಎಂಬುದು) ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬ್ರೌಸರ್ ತಡೆಯುತ್ತದೆ. ಮತ್ತು "ಅಪ್‌ಲೋಡ್ ಮುಗಿಯಿತು" ಎಂದು ಬ್ರೌಸರ್ ಹೇಳಿದ್ದನ್ನು ನಂಬಬೇಡಿ. ಫಾರ್ಮ್ ಬಂದಾಗ ನಿಮ್ಮ ಸರ್ವರ್ ಸ್ಟೋರೇಜ್‌ಗೆ ಒಂದು ಹೆಡ್ ರಿಕ್ವೆಸ್ಟ್ (ಫೈಲ್ ತರದೆ ವಿವರ ಮಾತ್ರ ಕೇಳುವುದು) ಕಳಿಸಿ, ಆ ಫೈಲ್ ನಿಜವಾಗಿ ಇದೆಯಾ, ಗಾತ್ರ ಸರಿ ಇದೆಯಾ ಎಂದು ನೋಡಲಿ. ಮೊದಲ ಕೆಲವು ಬೈಟ್‌ಗಳನ್ನು ಓದಿ ಬಗೆಯನ್ನೂ ಪರೀಕ್ಷಿಸಲಿ. ಫೈಲ್ ನಿಮ್ಮ ಸರ್ವರ್ ಮೂಲಕ ಬಾರದ ಕಾರಣ ಈ ತಪಾಸಣೆ ತಾನಾಗಿ ಆಗುವುದಿಲ್ಲ. ಹೊಸ ಫೈಲ್‌ಗಳು ಮೊದಲು ಕಾಯುವ ಜಾಗದಲ್ಲಿ ಇಳಿಯಲಿ, ತಪಾಸಣೆ ಆದ ಮೇಲೆ ನಿಜವಾದ ಜಾಗಕ್ಕೆ ಹೋಗಲಿ. ಕಾಯುವ ಜಾಗವನ್ನು ತಾನಾಗಿ ಖಾಲಿ ಮಾಡುವ ಲೈಫ್‌ಸೈಕಲ್ ನಿಯಮ ಹಾಕಿದರೆ ಅನಾಥ ಫೈಲ್‌ಗಳ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತುಂಬಾ ದೊಡ್ಡ ಫೈಲ್‌ಗಳು

ಒಂದೇ ಪುಟ್‌ನಲ್ಲಿ ಎಸ್3 5 ಜಿಬಿ ತನಕ ತೆಗೆದುಕೊಳ್ಳುತ್ತದೆ. ಆದರೆ 2 ಜಿಬಿ ವಿಡಿಯೊ ಶೇ. 95 ಹೋದ ಮೇಲೆ ನೆಟ್‌ವರ್ಕ್ ಕಡಿದರೆ ಮತ್ತೆ ಮೊದಲಿನಿಂದ ಶುರು. ಹೀಗಾಗಬಾರದು ಎಂದರೆ ತುಂಡು ಮಾಡಿ ಕಳಿಸಬೇಕು. ಎಸ್3ನ ಮಲ್ಟಿಪಾರ್ಟ್ ಅಪ್‌ಲೋಡ್‌ನಲ್ಲಿ ಕೊನೆಯದು ಬಿಟ್ಟು ಪ್ರತಿ ತುಂಡು ಕನಿಷ್ಠ 5 ಎಂಬಿ ಇರಬೇಕು, ಹೆಚ್ಚೆಂದರೆ 10,000 ತುಂಡು. ಇದಕ್ಕೂ ಫಾರ್ಮ್‌ನ ಮಲ್ಟಿಪಾರ್ಟ್‌ಗೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಅರ್ಧಕ್ಕೆ ನಿಂತ ತುಂಡುಗಳು ಫೈಲ್ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೂ ಬಾಡಿಗೆ ಬೀಳುತ್ತಲೇ ಇರುತ್ತದೆ. ಅವುಗಳನ್ನು ಕೈಬಿಡುವ ಲೈಫ್‌ಸೈಕಲ್ ನಿಯಮ ಮೊದಲ ದಿನವೇ ಹಾಕಿ.

ಸ್ವಂತ ಸರ್ವರ್ ಇರುವವರಿಗೆ ಟಸ್ ಅನ್ನುವ ಮುಕ್ತ ಪ್ರೋಟೋಕಾಲ್ ಇದೆ. ಮೊದಲು ಪೋಸ್ಟ್‌ನಿಂದ ಅಪ್‌ಲೋಡ್ ಒಂದನ್ನು ತೆರೆಯುತ್ತಾರೆ, ಪ್ಯಾಚ್‌ನಿಂದ ತುಂಡು ತುಂಡಾಗಿ ಕಳಿಸುತ್ತಾರೆ. ಕಡಿದರೆ ಹೆಡ್ ರಿಕ್ವೆಸ್ಟ್‌ನಿಂದ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿ ಅಲ್ಲಿಂದ ಮುಂದುವರಿಸುತ್ತಾರೆ. ಬ್ರೌಸರ್ ಕಡೆಗೆ ಅಪ್ಪಿ ಎಂಬ ಲೈಬ್ರರಿ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಮೆಟಾಡೇಟಾ ಹೆಡರ್‌ನಲ್ಲಿ ಫೈಲ್ ಹೆಸರಿನಂಥ ಚಿಕ್ಕ ಮಾಹಿತಿ ಕಳಿಸಬಹುದು. ಪೂರ್ತಿ ಫಾರ್ಮನ್ನು ಅದರೊಳಗೆ ತುರುಕಬೇಡಿ, ಐಡಿ ಹಿಡಿದು ಆಮೇಲೆ ಜೋಡಿಸಿ.

ಪ್ರಗತಿ ಪಟ್ಟಿ ತೋರಿಸಬೇಕೆಂದರೆ ಒಂದು ಮಾತು ನೆನಪಿಡಿ. ಫೆಚ್‌ನಲ್ಲಿ ಅಪ್‌ಲೋಡ್ ಎಷ್ಟಾಯಿತು ಎಂದು ತಿಳಿಸುವ ಈವೆಂಟ್ ಇಲ್ಲ. ಹಳೆಯ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್‌ನಲ್ಲಿ ಇದೆ, ಈ ಕೆಲಸಕ್ಕೆ ಇವತ್ತಿಗೂ ಅದನ್ನೇ ಬಳಸುತ್ತಾರೆ.

ದಾರಿ ಯಾವುದಾದರೂ ಬಿಡಲಾಗದ ಎಚ್ಚರಗಳು

ಬ್ರೌಸರ್ ಕಳಿಸುವ ಫೈಲ್ ಹೆಸರು, ಕಂಟೆಂಟ್ ಟೈಪ್ ಎರಡೂ ಬರೀ ಹೇಳಿಕೆ. ಹೆಸರಿನಲ್ಲಿ ಎರಡು ಚುಕ್ಕಿ, ಸ್ಲ್ಯಾಶ್ ಹಾಕಿ ಬೇರೆ ಫೋಲ್ಡರ್‌ಗೆ ನುಗ್ಗುವ ದಾಳಿ ತುಂಬಾ ಹಳೆಯದು. ಡಿಸ್ಕ್‌ನಲ್ಲಿ ನೀವೇ ಹುಟ್ಟಿಸಿದ ಹೆಸರು ಇಡಿ, ಮೂಲ ಹೆಸರನ್ನು ತೋರಿಸಲು ಮಾತ್ರ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ಮೂಲ ಹೆಸರು ಇಂಗ್ಲಿಷ್ ಅಲ್ಲದ ಲಿಪಿಯಲ್ಲಿದ್ದರೆ ಅದನ್ನೂ ಪರೀಕ್ಷಿಸಿ. ಮಲ್ಟರ್ ಕೆಳಗಿರುವ ಬಸ್‌ಬಾಯ್ ಸಹಜವಾಗಿ ಹೆಸರನ್ನು ಲ್ಯಾಟಿನ್-1 ಎಂದು ಓದುವುದರಿಂದ ಕನ್ನಡದ ಹೆಸರು ಕಲಸುಮೇಲೋಗರ ಆಗುತ್ತದೆ, ಯುಟಿಎಫ್-8ಗೆ ತಿರುಗಿಸಿಕೊಳ್ಳಬೇಕು.

ಬಗೆಯನ್ನು ಗುರುತಿಸಲು ಫೈಲ್‌ನ ಮೊದಲ ಬೈಟ್‌ಗಳನ್ನು ನೋಡಿ. ಪಿಡಿಎಫ್, ಪಿಎನ್‌ಜಿ, ಜೆಪೆಗ್ ಪ್ರತಿಯೊಂದಕ್ಕೂ ಶುರುವಿನಲ್ಲಿ ಗುರುತು ಇದೆ. ಎಸ್‌ವಿಜಿ ಚಿತ್ರದಂತೆ ಕಂಡರೂ ಒಳಗೆ ಸ್ಕ್ರಿಪ್ಟ್ ಇಟ್ಟುಕೊಳ್ಳಬಲ್ಲದು, ಬೇಕಿಲ್ಲದಿದ್ದರೆ ಒಪ್ಪಲೇಬೇಡಿ. ಜನ ಕಳಿಸಿದ ಫೈಲ್‌ಗಳನ್ನು ನಿಮ್ಮ ಮುಖ್ಯ ಡೊಮೇನ್‌ನಿಂದ ಬೇರೆಯಾದ ಡೊಮೇನ್‌ನಲ್ಲಿ ಬಡಿಸಿ. ಫೋನ್ ಫೋಟೊಗಳೊಳಗೆ ತೆಗೆದ ಜಾಗದ ವಿವರ ಇರಬಹುದು, ಎಲ್ಲರಿಗೂ ಕಾಣುವ ಚಿತ್ರವಾದರೆ ಅದನ್ನು ತೆಗೆದುಹಾಕಿ.

ಸಿಎಸ್‌ಆರ್‌ಎಫ್ (ಬಳಕೆದಾರರ ಲಾಗಿನ್ ಬಳಸಿಕೊಂಡು ಬೇರೆ ಸೈಟ್ ಅವರಿಗೆ ತಿಳಿಯದೆ ರಿಕ್ವೆಸ್ಟ್ ಕಳಿಸುವ ದಾಳಿ) ವಿಷಯ ಇಲ್ಲಿ ಬೇರೆಯೇ ತಿರುವು ಪಡೆಯುತ್ತದೆ. ಜೇಸನ್ ಎಪಿಐಗೆ ಬೇರೆ ಸೈಟ್‌ನಿಂದ ರಿಕ್ವೆಸ್ಟ್ ಬಂದರೆ ಬ್ರೌಸರ್ ಮೊದಲು ಪ್ರಿಫ್ಲೈಟ್ ಅನ್ನುವ ಬೇರೆ ರಿಕ್ವೆಸ್ಟ್ ಕಳಿಸಿ, ಇದನ್ನು ಕಳಿಸಬಹುದಾ ಎಂದು ಸರ್ವರ್‌ನ್ನು ಕೇಳುತ್ತದೆ. ಮಲ್ಟಿಪಾರ್ಟ್‌ಗೆ ಆ ತಡೆ ಇಲ್ಲ, ಯಾವ ಸೈಟ್‌ನ ಫಾರ್ಮ್ ಬೇಕಾದರೂ ಅದನ್ನು ಕಳಿಸಬಹುದು. ಕುಕಿಯಿಂದ ಲಾಗಿನ್ ಗುರುತಿಸುವ ಜೇಸನ್ ಎಪಿಐಗೆ ಒಂದೇ ಒಂದು ಮಲ್ಟಿಪಾರ್ಟ್ ಎಂಡ್‌ಪಾಯಿಂಟ್ ಸೇರಿಸಿದರೂ, ಇಲ್ಲಿಯವರೆಗೆ ತಾನಾಗಿ ಸಿಗುತ್ತಿದ್ದ ರಕ್ಷಣೆ ಆ ಜಾಗದಲ್ಲಿ ಇರುವುದಿಲ್ಲ. ಅಲ್ಲಿಗೆ ಟೋಕನ್ (ನಿಮ್ಮ ಪುಟಕ್ಕೆ ಮಾತ್ರ ಗೊತ್ತಿರುವ ಗುಟ್ಟಿನ ಬೆಲೆ) ಹಾಕಿ, ಬೇರೆ ಸೈಟ್‌ನಿಂದ ಹೊರಟ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕಾ ಎಂದು ಹೇಳುವ ಸೇಮ್‌ಸೈಟ್ ಗುಣವನ್ನೂ ನೋಡಿ.

ನಿಮ್ಮ ಪರಿಸ್ಥಿತಿಗೆ ಯಾವುದು

ಫಾರ್ಮ್ ಚಿಕ್ಕದು, ಒಂದೆರಡು ಫೈಲ್, ಒಂದೊಂದೂ 10 ಎಂಬಿ ಒಳಗೆ, ಸ್ವಂತ ಸರ್ವರ್ ಇದೆ. ಇಷ್ಟಿದ್ದರೆ ಮಲ್ಟಿಪಾರ್ಟ್, ಬೇರೆ ಯೋಚನೆ ಬೇಡ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಆಪ್‌ಗಳು ಇಲ್ಲೇ ಬರುತ್ತವೆ. ಆದರೂ ಹೊಸ ತಂಡಗಳು ಮೊದಲ ದಿನವೇ ಸಹಿ ಹಾಕಿದ ಯುಆರ್‌ಎಲ್, ಹಿನ್ನೆಲೆ ಕೆಲಸ, ಸ್ಥಿತಿಯ ಕಾಲಂ ಎಲ್ಲ ಕಟ್ಟಲು ಹೋಗುತ್ತವೆ. ಅಷ್ಟು ಹೊಣೆ ಹೊರುವ ಅಗತ್ಯ ಅವರಿಗೆ ಇನ್ನೂ ಬಂದಿರುವುದಿಲ್ಲ.

ಫಾರ್ಮ್ ಉದ್ದವಾಗಿದ್ದರೆ, ತಪಾಸಣೆಯಲ್ಲಿ ಜನ ಪದೇ ಪದೇ ಸಿಕ್ಕಿಬೀಳುತ್ತಿದ್ದರೆ, ಫೈಲ್‌ಗಳು ಐದಾರಿದ್ದರೆ ಎರಡು ಹಂತಕ್ಕೆ ಬನ್ನಿ. ಸ್ವಂತ ಸರ್ವರ್ ಮೂಲಕವೇ ಇರಲಿ, ತಪಾಸಣೆ ಸುಲಭ. ಸರ್ವರ್‌ನ ಮೆಮೊರಿ ಅಥವಾ ಬ್ಯಾಂಡ್‌ವಿಡ್ತ್ ಸಾಲದೆ ಬಂದಾಗ, ಅಥವಾ ಸರ್ವರ್‌ಲೆಸ್ ಆದಾಗ ಮಾತ್ರ ನೇರ ಸ್ಟೋರೇಜ್‌ಗೆ ಹೋಗಿ. ಐಡಿ ಹಿಡಿದು ಜೋಡಿಸುವ ಕೋಡ್ ಎರಡಕ್ಕೂ ಒಂದೇ ಆಗಿರುವುದರಿಂದ ಆ ಬದಲಾವಣೆ ಅಷ್ಟು ಕಷ್ಟ ಆಗುವುದಿಲ್ಲ. ಫೈಲ್ ನೂರಾರು ಎಂಬಿ ದಾಟಿದರೆ, ಅಥವಾ ಬಳಕೆದಾರರು ಮೊಬೈಲ್ ನೆಟ್‌ವರ್ಕ್‌ನಲ್ಲಿ ಓಡಾಡುತ್ತಾ ಕಳಿಸುವವರಾದರೆ ಕಡಿದಲ್ಲಿಂದ ಮುಂದುವರಿಸುವ ದಾರಿಯೇ ಬೇಕು.

ಯಾವುದನ್ನೇ ಆರಿಸಿದರೂ ಬಳಕೆಗೆ ಬಿಡುವ ಮೊದಲು ಕೆಲವು ಪರೀಕ್ಷೆ ಮಾಡಿ. ಫೈಲ್ ಆರಿಸದೆ ಸಬ್ಮಿಟ್ ಮಾಡಿ. ಬ್ರೌಸರ್ ಆಗಲೂ ಆ ಫೀಲ್ಡ್‌ಗೆ ಒಂದು ತುಂಡು ಕಳಿಸುತ್ತದೆ, ಹೆಸರು ಖಾಲಿ, ಗಾತ್ರ ಸೊನ್ನೆ. ಅದನ್ನು ನಿಮ್ಮ ಕೋಡ್ ನಿಜವಾದ ಫೈಲ್ ಎಂದು ಸೇವ್ ಮಾಡಬಾರದು. ಮಿತಿಗಿಂತ ಸ್ವಲ್ಪ ದೊಡ್ಡ ಫೈಲ್ ಕಳಿಸಿ, ತುಂಬಾ ದೊಡ್ಡದನ್ನೂ ಕಳಿಸಿ. ಎರಡಕ್ಕೂ ಒಂದೇ ಮಾತು ಬರುತ್ತದಾ ನೋಡಿ. ಸಬ್ಮಿಟ್ ಬಟನ್ ಎರಡು ಸಲ ಒತ್ತಿ. ಆಮೇಲೆ ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ನಿಧಾನ ಮಾಡಿ, ಅಪ್‌ಲೋಡ್ ಅರ್ಧ ಆದಾಗ ಟ್ಯಾಬ್ ಮುಚ್ಚಿ. ಡೇಟಾಬೇಸ್‌ನಲ್ಲಿ ಏನು ಉಳಿದಿದೆ, ತಾತ್ಕಾಲಿಕ ಫೋಲ್ಡರ್‌ನಲ್ಲಿ ಏನು ಉಳಿದಿದೆ, ಬಕೆಟ್‌ನಲ್ಲಿ ಏನು ಉಳಿದಿದೆ ಎಂದು ಮೂರೂ ಕಡೆ ನೋಡಿ. ಮರುದಿನ ಮತ್ತೊಮ್ಮೆ ನೋಡಿ, ಅಳಿಸುವ ಕೆಲಸ ಓಡಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.